ಹದಿನಾರು ಕಿಲೋಬೈಟಿನ ಲೆಕ್ಕ

ಅರೇ ಎಷ್ಟು ದೊಡ್ಡದಿರಬೇಕೆಂದು ಪ್ರೋಗ್ರಾಂ ಓಡುವಾಗಲೇ ತೀರ್ಮಾನಿಸುವ ಸೌಲಭ್ಯ ಸಿ ಭಾಷೆಗೆ ಅಧಿಕೃತವಾಗಿ ಬಂದದ್ದು 1999ರ ಮಾನಕದಲ್ಲಿ. ಜಿಸಿಸಿ ಕಂಪೈಲರ್ ಅದಕ್ಕೂ ಮೊದಲೇ ಅದನ್ನು ಕೊಟ್ಟಿತ್ತು. ಬೇಕಾದಷ್ಟು ಜಾಗ ಸ್ಟ್ಯಾಕಿನಲ್ಲಿ ಸಿಗುತ್ತದೆ, ಫಂಕ್ಷನ್ ಮುಗಿದೊಡನೆ ತಾನಾಗಿ ಬಿಡುಗಡೆಯಾಗುತ್ತದೆ. ಮ್ಯಾಲಕ್ ಕರೆಯಬೇಕಿಲ್ಲ, ಫ್ರೀ ಮಾಡಲು ಮರೆಯುವ ಭಯವಿಲ್ಲ. ಲಿನಕ್ಸಿನಲ್ಲಿ ಸಾಮಾನ್ಯ ಪ್ರೋಗ್ರಾಮಿನ ಸ್ಟ್ಯಾಕಿಗೆ ವಾಡಿಕೆಯ ಮಿತಿ 8 ಮೆಗಾಬೈಟ್ ಆದ್ದರಿಂದ ಅಲ್ಲಿ ಈ ಅನುಕೂಲ ಸಲೀಸಾಗಿ ಒಗ್ಗಿತು. ಅದೇ ಬರವಣಿಗೆ ಲಿನಕ್ಸಿನ ತಿರುಳಾದ ಕರ್ನೆಲ್‌ಗೂ ನುಸುಳಿತು, ಆದರೆ ಅಲ್ಲಿನ ಲೆಕ್ಕವೇ ಬೇರೆ. 64 ಬಿಟ್ ಎಕ್ಸ್86 ಯಂತ್ರಗಳಲ್ಲಿ ಕರ್ನೆಲ್ ಸ್ಟ್ಯಾಕ್ 8 ಕಿಲೋಬೈಟಿನಿಂದ 16ಕ್ಕೆ ಏರಿದ್ದೇ 2014ರಲ್ಲಿ. ಫೈಲ್ ಸಿಸ್ಟಂ, ಮೆಮೊರಿ ನಿರ್ವಹಣೆ, ಡಿಸ್ಕ್ ಡ್ರೈವರ್‌ಗಳ ಕರೆಗಳೆಲ್ಲ ಒಂದರ ಮೇಲೊಂದು ಅಷ್ಟರೊಳಗೇ ಹಿಡಿಯಬೇಕು. 2016ರ 4.9 ಆವೃತ್ತಿಯವರೆಗೆ ಆ ಸ್ಟ್ಯಾಕಿನ ಕೊನೆಯಲ್ಲಿ, ಮಿತಿ ಮೀರಿದೊಡನೆ ತಡೆಯುವ ಕಾವಲು ಪುಟವೂ ಇರಲಿಲ್ಲ. ಉಕ್ಕಿದ ಸ್ಟ್ಯಾಕ್ ಪಕ್ಕದ ಮಾಹಿತಿಯನ್ನು ಸದ್ದಿಲ್ಲದೆ ಅಳಿಸುತ್ತಿತ್ತು.

2018ರಲ್ಲಿ ಈ ಬಗೆಯ ಅರೇಗಳನ್ನು ಕರ್ನೆಲ್‌ನಿಂದ ಕಿತ್ತುಹಾಕಿ ಸ್ಥಿರ ಅಳತೆಯವನ್ನು ಇಡುವ ಕೆಲಸಕ್ಕೆ ಕರ್ನೆಲ್ ಡೆವಲಪರ್ ಕೀಸ್ ಕುಕ್ ಮುಂದಾಳತ್ವ ವಹಿಸಿದರು. ಇಂಥ ಅರೇಗಳಿಂದ ಕೋಡ್ ಉದ್ದವೂ ನಿಧಾನವೂ ಆಗುತ್ತದೆಂದು ಲಿನಕ್ಸಿನ ಜನಕ ಲಿನಸ್ ಟೊರ್ವಾಲ್ಡ್ಸ್ ಖಡಾಖಂಡಿತವಾಗಿ ಹೇಳಿದರು. ಆಗ ಎದ್ದ ಆಕ್ಷೇಪ ಗಂಭೀರವಾದದ್ದೇ: ಬಹುಪಾಲು ಕಡೆ ಅಳತೆಗೆ ಮೇಲ್ಮಿತಿ ಇದ್ದೇ ಇತ್ತು, ಹಾಗಿರುವಾಗ ಯಾವಾಗಲೂ ಗರಿಷ್ಠ ಜಾಗ ಹಿಡಿದಿಡುವುದು ದಂಡವಲ್ಲವೇ? ಕ್ರಿಪ್ಟೊ ವಿಭಾಗವನ್ನು ನೋಡಿದರೆ ಉತ್ತರ ಸಿಗುತ್ತದೆ. ಹ್ಯಾಶ್ ಲೆಕ್ಕಕ್ಕೆ ಬೇಕಾದ ಡಿಸ್ಕ್ರಿಪ್ಟರ್ ಎಷ್ಟು ದೊಡ್ಡದೆಂಬುದನ್ನು ಆಯ್ದ ಅಲ್ಗಾರಿದಮ್ಮನ್ನೇ ಕೇಳಿ ಸ್ಟ್ಯಾಕಿನಲ್ಲಿ ಜಾಗ ಮಾಡುವ ಮ್ಯಾಕ್ರೋ ಅಲ್ಲಿತ್ತು. ಅದರ ಬದಲಿಗೆ ಸ್ಥಿರ ಗರಿಷ್ಠ ಅಳತೆ ಬಂತು. ಅದನ್ನು ಮೀರುವ ಅಲ್ಗಾರಿದಂ ನೋಂದಣಿಯ ಹಂತದಲ್ಲೇ ತಿರಸ್ಕೃತವಾಗುವಂತಾಯಿತು. ಗರಿಷ್ಠ ಅಳತೆ ಸ್ಟ್ಯಾಕಿನಲ್ಲಿ ಹಿಡಿಯುವುದಾದರೆ ಅದನ್ನು ಸದಾ ಮೀಸಲಿಡುವುದರಿಂದ ನಷ್ಟವಿಲ್ಲ. ಹಿಡಿಯದಿದ್ದರೆ ಆ ಕೋಡ್ ಮೊದಲಿನಿಂದಲೂ ತಪ್ಪೇ, ಎಡವಟ್ಟಾಗುವ ದಿನ ಬಂದಿರಲಿಲ್ಲ ಅಷ್ಟೆ. ಸ್ಥಿರ ಅಳತೆಯಾದರೆ ಕಂಪೈಲರ್ ಪ್ರತಿ ಫಂಕ್ಷನ್ನಿನ ಸ್ಟ್ಯಾಕ್ ಬಳಕೆಯನ್ನು ಮುಂಚೆಯೇ ಅಳೆದು ಎಚ್ಚರಿಸಬಲ್ಲದು. ನನ್ನ ಮಟ್ಟಿಗೆ ವೇಗಕ್ಕಿಂತ ಇದೇ ದೊಡ್ಡ ಗಳಿಕೆ. 4.20 ಆವೃತ್ತಿ ಹೊರಬರುವ ಹೊತ್ತಿಗೆ ಇಂಥ ಅರೇ ಬರೆದರೆ ಎಚ್ಚರಿಕೆ ಕೊಡುವ ಸೂಚನೆ ಕರ್ನೆಲ್‌ನ ಮುಖ್ಯ ಮೇಕ್‌ಫೈಲಿಗೇ ಸೇರಿತ್ತು.

ಕಾವಲು ಪುಟ ಬಂದ ಮೇಲೆ ಇದೆಲ್ಲ ಅತಿ ಎಚ್ಚರವೆನ್ನುವವರು 2017ರ ಸ್ಟ್ಯಾಕ್ ಕ್ಲ್ಯಾಶ್ ದಾಳಿಗಳನ್ನು ನೆನೆಯಬೇಕು. ಸಾಕಷ್ಟು ದೊಡ್ಡ ಅರೇ ಒಂದೇ ಹೆಜ್ಜೆಗೆ ಕಾವಲು ಪುಟವನ್ನು ದಾಟಿಬಿಡಬಹುದೆಂದು ಅವು ತೋರಿಸಿದವು, ಅದೂ ಸಾಮಾನ್ಯ ಪ್ರೋಗ್ರಾಮುಗಳಲ್ಲೇ. ಹಾಗಾಗಿ 8 ಮೆಗಾಬೈಟ್ ಇದೆಯೆಂಬ ಧೈರ್ಯವೂ ಅರ್ಧ ಸತ್ಯ. ಅಪಾಯ ಸ್ಟ್ಯಾಕ್ ಕಿರಿದಾಗಿರುವುದರಲ್ಲಷ್ಟೇ ಅಲ್ಲ, ಅಳತೆಯನ್ನು ಹೊರಗಿನವರು ನಿರ್ಧರಿಸುವುದರಲ್ಲಿದೆ. 2021ರಲ್ಲಿ, ಲಿನಕ್ಸಿನಲ್ಲಿ ಮೊದಲ ಪ್ರೋಸೆಸ್ ಆಗಿ ಓಡುವ ಸಿಸ್ಟಂಡಿಯಲ್ಲಿ ಸಿಕ್ಕ ದೋಷವೂ ಇದೇ ಜಾಯಮಾನದ್ದು. ಮೌಂಟ್ ಮಾಡಿದ ಹಾದಿಯ ಹೆಸರನ್ನು ಸಿಸ್ಟಂಡಿ ಸ್ಟ್ಯಾಕಿನಲ್ಲಿ ನಕಲು ಮಾಡುತ್ತಿತ್ತು. ಯಾವುದೇ ಸಾಮಾನ್ಯ ಬಳಕೆದಾರ 8 ಮೆಗಾಬೈಟಿಗೂ ಉದ್ದದ ಹಾದಿ ಕೊಟ್ಟು ಆ ಮೊದಲ ಪ್ರೋಸೆಸನ್ನೇ ಉರುಳಿಸಿ ಇಡೀ ಯಂತ್ರವನ್ನು ನಿಲ್ಲಿಸಬಹುದಿತ್ತು. ಆ ನಕಲನ್ನು ಹೀಪಿಗೆ ಸರಿಸಿ ದೋಷವನ್ನು ಸರಿಪಡಿಸಲಾಯಿತು.