ಹೂ ಕಟ್ಟುವ ಕಲೆ: ಒಂದು ಹಿನ್ನೋಟ

ದೇವರ ಪೂಜೆಗೆ ಮಾಲೆ, ಬಾಗಿಲಿಗೆ ತೋರಣ, ಹೆಣ್ಣುಮಕ್ಕಳ ಮುಡಿಗೆ ದಂಡೆ. ಇವಿಷ್ಟನ್ನೂ ಮನೆಯಲ್ಲಿಯೇ ಕಟ್ಟಿಕೊಳ್ಳುವುದು ನಮ್ಮ ಹಿರಿಯರಿಗೆ ಸಹಜವಾಗಿತ್ತು. ನಿತ್ಯದ ಕೆಲಸಗಳೊಳಗೆ ಬೆರೆತುಹೋದುದರಿಂದಲೋ ಏನೋ, ಹೂ ಕಟ್ಟುವುದೂ ಒಂದು ವಿದ್ಯೆ, ಅದಕ್ಕೂ ದೀರ್ಘವಾದ ಇತಿಹಾಸವಿದೆ ಎಂಬುದು ನಮ್ಮ ಗಮನಕ್ಕೆ ಬರುವುದು ಕಡಿಮೆ.

ಪ್ರಾಚೀನರು ಇದನ್ನು ಅರುವತ್ತನಾಲ್ಕು ಕಲೆಗಳಲ್ಲಿ ಎಣಿಸಿದ್ದಾರೆ. ವಾತ್ಸ್ಯಾಯನನ ಪಟ್ಟಿಯಲ್ಲಿ ಬಗೆಬಗೆಯ ಮಾಲೆಗಳನ್ನು ಹೆಣೆಯುವ ‘ಮಾಲ್ಯಗ್ರಥನವಿಕಲ್ಪ’, ಹೂಗಳನ್ನು ಹಾಸಿ ಅಲಂಕರಿಸುವ ‘ಪುಷ್ಪಾಸ್ತರಣ’, ಅಕ್ಕಿ ಮತ್ತು ಹೂಗಳಿಂದ ಚಿತ್ತಾರ ರಚಿಸುವ ‘ತಂಡುಲಕುಸುಮಬಲಿವಿಕಾರ’ ಇವು ಪ್ರತ್ಯೇಕ ಕಲೆಗಳಾಗಿಯೇ ಸ್ಥಾನ ಪಡೆದಿವೆ.

ಕನ್ನಡ ನಾಡಿನಲ್ಲಿಯೂ ಈ ಕಲೆಗೆ ರಾಜಮನ್ನಣೆಯಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಕ್ರಿ.ಶ. 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ವಸ್ತ್ರ, ಭೂಷಣಗಳಂತೆಯೇ ಹೂಮಾಲೆಗಳ ವಿಚಾರಕ್ಕೂ ಒಂದು ಅಧ್ಯಾಯ ಮೀಸಲಾಗಿದೆ. 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುಲ್ ರಜಾಕನು ವಿಜಯನಗರದಲ್ಲಿ ಎಲ್ಲೆಡೆ ಗುಲಾಬಿ ಮಾರುವುದನ್ನು ಕಂಡನು. ಇಲ್ಲಿಯ ಜನರಿಗೆ ಅನ್ನದಷ್ಟೇ ಹೂವೂ ಅಗತ್ಯವೆಂಬ ಅರ್ಥದ ಮಾತನ್ನು ಅವನು ಬರೆದಿಟ್ಟಿದ್ದಾನೆ.

ಆದರೆ ಪಟ್ಟಿಯಲ್ಲಿ ಸಿಗುವುದು ಕಲೆಯ ಹೆಸರು ಮಾತ್ರ. ಅದನ್ನು ಉಳಿಸಿದವರು ಮನೆಯ ಹೆಂಗಳೆಯರು. ಅದು ಬೆಳೆದುಬಂದದ್ದು ಕೈಯಿಂದ ಕೈಗೆ. ಬಾಳೆಯ ನಾರನ್ನು ಒಣಗಿಸಿ, ಸೀಳಿ, ಕಟ್ಟುವ ಮುನ್ನ ನೀರಿನಲ್ಲಿ ನೆನೆಸಬೇಕು. ಒದ್ದೆ ನಾರು ಎಳೆಯ ತೊಟ್ಟನ್ನು ಕತ್ತರಿಸುವುದಿಲ್ಲ, ತನ್ನ ತಂಪಿನಿಂದ ಹೂವು ಬೇಗನೆ ಬಾಡದಂತೆಯೂ ನೋಡಿಕೊಳ್ಳುತ್ತದೆ. ಎರಡೆರಡು ಮೊಗ್ಗುಗಳನ್ನು ಎದುರುಬದುರಾಗಿ ಇಟ್ಟು, ಬೆರಳಿನಲ್ಲೇ ಕುಣಿಕೆ ಹಾಕಿ ಬಿಗಿಯಬೇಕು. ಬಿಗಿ ಹೆಚ್ಚಾದರೆ ತೊಟ್ಟು ಮುರಿಯುತ್ತದೆ, ಕಡಿಮೆಯಾದರೆ ಹೂವು ಉದುರುತ್ತದೆ. ಅಂದದ ಲೆಕ್ಕವೂ ಇದರಲ್ಲಿದೆ: ಕನಕಾಂಬರಕ್ಕೆ ಬಣ್ಣವಿದೆ, ಪರಿಮಳವಿಲ್ಲ, ಆದುದರಿಂದ ನಡುನಡುವೆ ಮರುಗ ಅಥವಾ ದವನವನ್ನು ಸೇರಿಸಿ ಕಟ್ಟುತ್ತಾರೆ. ಹಸಿರಿನಿಂದ ಕೆಂಬಣ್ಣವೂ ಎದ್ದು ಕಾಣುತ್ತದೆ.

ಈ ಕೈಚಳಕವೇ ಒಂದು ಊರಿನ ಜೀವನಾಧಾರವಾದುದಕ್ಕೆ ಉಡುಪಿಯ ಬಳಿಯ ಶಂಕರಪುರವೇ ನಿದರ್ಶನ. ಅಲ್ಲಿ ಮುಂಜಾನೆ ಕೊಯ್ದ ಮಲ್ಲಿಗೆಯ ಮೊಗ್ಗುಗಳನ್ನು ಮನೆಮಂದಿಯೆಲ್ಲ ಕುಳಿತು ಬಾಳೆನಾರಿನಲ್ಲಿ ಕಟ್ಟುತ್ತಾರೆ. 800 ಮೊಗ್ಗುಗಳಿಗೆ ಒಂದು ಚೆಂಡು, ನಾಲ್ಕು ಚೆಂಡುಗಳಿಗೆ ಒಂದು ಅಟ್ಟೆ ಎಂಬುದು ಅಲ್ಲಿಯ ಲೆಕ್ಕ. ಉಡುಪಿ, ಮೈಸೂರು ಮತ್ತು ಹಡಗಲಿ ಮಲ್ಲಿಗೆಗಳಿಗೆ ಈ ಶತಮಾನದ ಮೊದಲ ದಶಕದಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ.

ಮುಂಬಯಿಯಲ್ಲಿರುವ ನಮಗೆ ಮಾಟುಂಗ, ದಾದರಗಳಲ್ಲಿ ಕಟ್ಟಿದ ಹೂವು ಸುಲಭವಾಗಿ ಸಿಗುತ್ತದೆ. ಅನುಕೂಲವೇನೋ ಹೌದು. ಆದರೆ ಗ್ರಂಥಗಳಲ್ಲಿ ಇಲ್ಲದ ವಿದ್ಯೆಯನ್ನು ಒಂದು ತಲೆಮಾರು ಕಲಿಯದೆ ಬಿಟ್ಟರೆ, ಮುಂದಿನ ತಲೆಮಾರಿಗೆ ಕಲಿಸುವವರೇ ಇರುವುದಿಲ್ಲ. ನಾರು ಸಿಗದಿದ್ದರೆ ದಪ್ಪನೆಯ ಹತ್ತಿಯ ದಾರವಾದರೂ ಆದೀತು. ವರ್ಷದಲ್ಲಿ ಬರುವ ನಾಲ್ಕು ಹಬ್ಬಗಳಂದಾದರೂ ಬಿಡಿಹೂವು ತಂದು, ಮನೆಯ ಹಿರಿಯರು ಮೊಮ್ಮಕ್ಕಳನ್ನು, ಗಂಡುಹೆಣ್ಣೆಂಬ ಭೇದವಿಲ್ಲದೆ, ಪಕ್ಕದಲ್ಲಿ ಕೂರಿಸಿಕೊಂಡು ದೇವರ ಮಾಲೆಯನ್ನು ಕಟ್ಟಿಸಲಿ. ಮೊದಲ ಮಾಲೆ ಸೊಟ್ಟಗಾದರೂ ಚಿಂತೆಯಿಲ್ಲ.