ಡ್ರಿಫ್ಟಿಂಗ್: ಹಿಂದಿನ ಚಕ್ರಗಳ ವಿದ್ಯೆ, ಬೀದಿಯ ಆಟವಲ್ಲ

ಬೆಂಗಳೂರು: ತಡರಾತ್ರಿಯಲ್ಲಿ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ರಸ್ತೆಗಳು ಬರಿದಾದಾಗ, ಚಲನಚಿತ್ರದಲ್ಲಿ ಕಂಡಂತೆ ಕಾರನ್ನು ತಿರುವಿನಲ್ಲಿ ಅಡ್ಡಲಾಗಿ ಜಾರಿಸುವ ಆಸೆ ಯುವಕರಲ್ಲಿ ಮೂಡುವುದುಂಟು. ಆದರೆ ಡ್ರಿಫ್ಟಿಂಗ್ ಎಂಬುದು ಬರೀ ಧೈರ್ಯದ ಮಾತಲ್ಲ. ಅದು ಕಾರಿನ ರಚನೆಯ ಮಾತು.

ಏನಿದು ಡ್ರಿಫ್ಟಿಂಗ್?
ತಿರುವಿನಲ್ಲಿ ಹಿಂದಿನ ಚಕ್ರಗಳ ಹಿಡಿತವನ್ನು ಬೇಕೆಂದೇ ತಪ್ಪಿಸಿ, ಸ್ಟೀರಿಂಗನ್ನು ವಿರುದ್ಧ ದಿಕ್ಕಿಗೆ ತಿರುಗಿಸಿ, ಆಕ್ಸಿಲರೇಟರ್‌ನಿಂದಲೇ ಆ ಜಾರುವಿಕೆಯನ್ನು ಕಾಪಾಡಿಕೊಳ್ಳುವುದೇ ಡ್ರಿಫ್ಟಿಂಗ್. ಜಪಾನಿನ ಘಟ್ಟದ ರಸ್ತೆಗಳಲ್ಲಿ ಬೆಳೆದ ಈ ಕಲೆಗೆ 1983ರಲ್ಲಿ ಬಂದ ಟೊಯೊಟಾ ಎಇ86, 1989ರಲ್ಲಿ ಬಂದ ಮಾಜ್ಡಾ ಎಂಎಕ್ಸ್-5ರಂತಹ ಹಗುರ ಕಾರುಗಳು ಹೆಸರುವಾಸಿ. ಎರಡರಲ್ಲೂ ಎಂಜಿನ್ ಮುಂದೆ, ಚಾಲನೆ ಹಿಂಚಕ್ರಗಳಿಗೆ.

ಡಿಫರೆನ್ಷಿಯಲ್ ಪಾತ್ರ
ತಿರುವಿನಲ್ಲಿ ಹೊರಚಕ್ರ ಒಳಚಕ್ರಕ್ಕಿಂತ ಹೆಚ್ಚು ದೂರ ಸಾಗಬೇಕು. ಈ ವ್ಯತ್ಯಾಸಕ್ಕೆ ಅವಕಾಶ ಕೊಡುವುದೇ ಡಿಫರೆನ್ಷಿಯಲ್. ಆದರೆ ಸಾಮಾನ್ಯ ಡಿಫರೆನ್ಷಿಯಲ್‌ನಲ್ಲಿ ಒಂದು ದೋಷವಿದೆ. ಕಾರಿನ ಭಾರ ಹೊರಕ್ಕೆ ವಾಲಿದಾಗ ಹಗುರಾದ ಒಳಚಕ್ರ ಸುಮ್ಮನೆ ಗಿರಗಿರನೆ ಸುತ್ತುತ್ತದೆ. ಹೊರಚಕ್ರಕ್ಕೂ ಅಷ್ಟೇ ಅಲ್ಪ ಬಲ ದೊರೆಯುತ್ತದೆ. ಜಾರುವಿಕೆ ನಡುವೆಯೇ ನಿಲ್ಲುತ್ತದೆ. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಈ ವೇಗವ್ಯತ್ಯಾಸಕ್ಕೆ ಮಿತಿ ಹಾಕುತ್ತದೆ. ಆಗ ಎರಡೂ ಚಕ್ರಗಳು ಹೆಚ್ಚುಕಡಿಮೆ ಒಟ್ಟಿಗೆ ಜಾರುವುದರಿಂದ ಚಾಲಕನಿಗೆ ಹತೋಟಿ ಸಿಗುತ್ತದೆ.

ನಮ್ಮ ಕಾರುಗಳ ಕಥೆ
ಹಗುರವಾದ, ಹಿಂಚಕ್ರ ಚಾಲನೆಯ ಕಾರು ಬೆಂಗಳೂರಿಗೆ ಹೊಸತಲ್ಲ. ಬ್ರಿಟನ್‌ನ ರಿಲಯಂಟ್ ಕಿಟನ್ ಆಧರಿಸಿ ಇಲ್ಲಿನ ಸಿಪಾನಿ ಸಂಸ್ಥೆ 1980ರ ದಶಕದಲ್ಲಿ ತಯಾರಿಸಿದ ಡಾಲ್ಫಿನ್‌ಗೆ ಫೈಬರ್‌ಗ್ಲಾಸ್ ದೇಹ, 848 ಸಿಸಿ ಎಂಜಿನ್ ಇತ್ತು. ಮಾರುಕಟ್ಟೆಯಲ್ಲಿ ಅದು ಮಾರುತಿಯೆದುರು ನಿಲ್ಲದಿದ್ದರೂ ಮೋಟರ್ ಕ್ರೀಡೆಯಲ್ಲಿ ಹಗುರತನದಿಂದಲೇ ಹೆಸರು ಮಾಡಿತು.

ಇಂದಿನ ಸಣ್ಣ ಕಾರುಗಳಲ್ಲಿ ಬಹುತೇಕ ಮುಂಚಕ್ರ ಚಾಲನೆಯವು. ಹ್ಯಾಂಡ್‌ಬ್ರೇಕ್ ಎಳೆದರೆ ಅವುಗಳ ಹಿಂಭಾಗ ಜಾರೀತು. ಆದರೆ ಆಕ್ಸಿಲರೇಟರ್ ಒತ್ತಿದೊಡನೆ ಮುಂಚಕ್ರಗಳು ಕಾರನ್ನು ನೇರಕ್ಕೆ ಎಳೆಯುತ್ತವೆ. ಐಟಿ ನೌಕರರನ್ನು ಹೊತ್ತೊಯ್ಯುವ, ಬಿಡದಿಯಲ್ಲಿ ತಯಾರಾದ ಇನ್ನೋವಾ ಕ್ರಿಸ್ಟಾ ಹಿಂಚಕ್ರ ಚಾಲನೆಯದೇ ಆದರೂ ಎತ್ತರದ ದೇಹದ ಭಾರಿ ವಾಹನ. ಅದು ಅಡ್ಡ ಜಾರಿ ರಸ್ತೆಯ ಅಂಚಿಗೆ ಬಡಿದರೆ ಮಗುಚುವ ಅಪಾಯವಿದೆ.

ಕಾನೂನು ಏನನ್ನುತ್ತದೆ?
ಮೋಟಾರು ವಾಹನ ಕಾಯ್ದೆಯ 184ನೇ ಕಲಮಿಗೆ 2019ರಲ್ಲಿ ತಂದ ತಿದ್ದುಪಡಿಯಂತೆ, ಅಪಾಯಕಾರಿ ಚಾಲನೆಯ ಮೊದಲ ಅಪರಾಧಕ್ಕೆ 6 ತಿಂಗಳಿಂದ 1 ವರ್ಷದವರೆಗೆ ಸೆರೆವಾಸ ಅಥವಾ 1,000ದಿಂದ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು.

ಜಾರುವ ಕಾರಿಗೆ ತನ್ನ ಅಗಲಕ್ಕಿಂತ ಹೆಚ್ಚಿನ ಜಾಗ ಬೇಕು. ಹಠಾತ್ತನೆ ನಿಲ್ಲಿಸಲೂ ಆಗದು. ಪಾಳಿ ಮುಗಿಸಿ ನಡುರಾತ್ರಿ ರಸ್ತೆ ದಾಟುವ ಪೀಣ್ಯದ ಕಾರ್ಮಿಕನಿಗೆ ಇದರ ಸುಳಿವೂ ಇರುವುದಿಲ್ಲ. ಈ ವಿದ್ಯೆಯನ್ನು ಕಲಿಯಬಯಸುವವರು ಚೆನ್ನೈ ಬಳಿಯ ಇರುಂಗಾಟ್ಟುಕೋಟೆ, ಕೊಯಮತ್ತೂರಿನ ಕರಿ ಸ್ಪೀಡ್‌ವೇಗಳಂತಹ ಮುಚ್ಚಿದ ಟ್ರ್ಯಾಕ್‌ನಲ್ಲಿ, ಅನುಮತಿ ಪಡೆದು, ಬಲ್ಲವರ ಮಾರ್ಗದರ್ಶನದಲ್ಲಿ ಕಲಿಯುವುದೇ ಸರಿಯಾದ ದಾರಿ.