ಚಂದ್ರನ ಹೆಸರಿನ ಖನಿಜ

ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಎಂದು ಗೊತ್ತಾದರೆ ಸಾಕು, ನೋಡಲು ಬಂದವರೆಲ್ಲ ಒಂದೊಂದು ಮಾತ್ರೆಯ ಹೆಸರು ಹೇಳಿ ಹೋಗುತ್ತಾರೆ. ಅಂಥ ಹೆಸರುಗಳಲ್ಲಿ ಸೆಲೆನಿಯಂ ಕೂಡ ಒಂದು. ಆ ಸೀಸೆ ಕೊಳ್ಳುವ ಮುನ್ನ ಅದರ ಚರಿತ್ರೆಯನ್ನು ತಿಳಿದುಕೊಳ್ಳುವುದು ಒಳ್ಳೆಯದು.

1817ರಲ್ಲಿ ಸ್ವೀಡನ್ನಿನ ರಸಾಯನ ವಿಜ್ಞಾನಿ ಬರ್ಜೀಲಿಯಸ್ ಗಂಧಕಾಮ್ಲದ ಕಾರ್ಖಾನೆಯ ಗಸಿಯಲ್ಲಿ ಈ ಧಾತುವನ್ನು ಕಂಡುಹಿಡಿದು, ಗ್ರೀಕರ ಚಂದ್ರದೇವತೆಯ ಹೆಸರಿಟ್ಟರು. 1930ರ ದಶಕದಲ್ಲಿ ಅಮೆರಿಕದ ದಕ್ಷಿಣ ಡಕೋಟದಲ್ಲಿ ದನ, ಕುದುರೆಗಳ ಕೂದಲು ಉದುರಿ ಗೊರಸು ಕಳಚತೊಡಗಿದವು. ಮಣ್ಣಿನಿಂದ ಮೇವಿಗೆ ಸೇರಿದ ಸೆಲೆನಿಯಂ ಇದಕ್ಕೆ ಕಾರಣವಾಗಿತ್ತು. 1943ರಲ್ಲಿ ಅದನ್ನು ತಿನ್ನಿಸಿದ ಇಲಿಗಳ ಯಕೃತ್ತಿನಲ್ಲಿ ಗೆಡ್ಡೆಗಳು ಕಂಡವು. ಕ್ಯಾನ್ಸರ್ ತರುವ ವಿಷ ಎಂಬ ಹಣೆಪಟ್ಟಿ ಅದಕ್ಕೆ ಅಂಟಿತು.

ಆದರೆ 1957ರಲ್ಲಿ ಶ್ವಾರ್ಜ್ ಮತ್ತು ಫೋಲ್ಟ್ಜ್ ಎಂಬ ವಿಜ್ಞಾನಿಗಳು, ಇಲಿಗಳ ಯಕೃತ್ತು ಹಾಳಾಗದಂತೆ ಕಾಯುವುದೂ ಇದೇ ಧಾತು ಎಂದು ತೋರಿಸಿದರು. ಚೀನಾದಲ್ಲಿ ಮಕ್ಕಳ ಮತ್ತು ತಾಯಂದಿರ ಹೃದಯವನ್ನು ಕಾಡುತ್ತಿದ್ದ ಕೆಶಾನ್ ಕಾಯಿಲೆಗೂ ಇದರ ಕೊರತೆಗೂ ನಂಟಿರುವುದು ಮುಂದೆ ತಿಳಿಯಿತು. ವಿಷವೆನಿಸಿದ್ದು ಪೋಷಕಾಂಶವಾಯಿತು.

1996ರಲ್ಲಿ ಅಮೆರಿಕದ ಲ್ಯಾರಿ ಕ್ಲಾರ್ಕ್ ತಂಡ 1,312 ಮಂದಿಯ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ ಪ್ರಕಟಿಸಿತು. ಗುರಿಯಾಗಿದ್ದ ಚರ್ಮದ ಕ್ಯಾನ್ಸರ್ ತಗ್ಗಲಿಲ್ಲ. ಆದರೆ ನಿತ್ಯ 200 ಮೈಕ್ರೋಗ್ರಾಂ ಸೆಲೆನಿಯಂ ಸೇವಿಸಿದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 63ರಷ್ಟು ಕಡಿಮೆಯಿತ್ತು. ಆಸೆ ಚಿಗುರಿತು, ಮಾತ್ರೆಗಳ ಮಾರಾಟವೂ ಬೆಳೆಯಿತು.

ಈ ಆಸೆಯನ್ನು ಪರೀಕ್ಷಿಸಲು 35,000ಕ್ಕೂ ಹೆಚ್ಚು ಗಂಡಸರ ಮೇಲೆ 2001ರಲ್ಲಿ ದೊಡ್ಡ ಪ್ರಯೋಗವೊಂದು ಆರಂಭವಾಯಿತು. ಪ್ರಯೋಜನ ಕಾಣದೆ 2008ರಲ್ಲಿ ಮಾತ್ರೆ ಕೊಡುವುದನ್ನು ನಿಲ್ಲಿಸಲಾಯಿತು. ಮೊದಲೇ ದೇಹದಲ್ಲಿ ಸೆಲೆನಿಯಂ ಹೆಚ್ಚಿದ್ದವರು ಮತ್ತಷ್ಟು ನುಂಗಿದಾಗ ಉಗ್ರ ಸ್ವರೂಪದ ಪ್ರಾಸ್ಟೇಟ್ ಕ್ಯಾನ್ಸರಿನ ಅಪಾಯ ಏರಿದ್ದು 2014ರ ವಿಶ್ಲೇಷಣೆಯಲ್ಲಿ ಕಂಡುಬಂತು. ಕ್ಲಾರ್ಕ್ ಪ್ರಯೋಗವನ್ನು ಮತ್ತೆ ಪರಿಶೀಲಿಸಿದಾಗಲೂ ಲಾಭ ಕಂಡದ್ದು ಮುಖ್ಯವಾಗಿ ರಕ್ತದಲ್ಲಿ ಸೆಲೆನಿಯಂ ಕಡಿಮೆ ಇದ್ದವರಲ್ಲಿ.

ಖನಿಜ ಅದೇ, ದೇಹಗಳು ಬೇರೆ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಸುಮಾರು 55 ಮೈಕ್ರೋಗ್ರಾಂ ಎಂಬುದು ಅಮೆರಿಕದ ಲೆಕ್ಕ. ದೇಹದ ಕೆಲವು ಕಿಣ್ವಗಳಿಗೆ ಇದು ಬೇಕು. ಅವುಗಳ ಅಗತ್ಯ ತೀರಿದ ಮೇಲೆ ಸುರಿದದ್ದು ರಕ್ಷಣೆಯಾಗುವುದಿಲ್ಲ. ವಿಕಿರಣ ಚಿಕಿತ್ಸೆಯ ಅಡ್ಡಪರಿಣಾಮ ತಗ್ಗಿಸಲು ಕೊರತೆಯಿರುವ ರೋಗಿಗಳಿಗೆ ಇದನ್ನು ಕೊಟ್ಟು ನೋಡಿದ್ದುಂಟು. ಆದರೆ ಅದು ಕ್ಯಾನ್ಸರಿಗೆ ಮದ್ದಲ್ಲ.

ಸಂಕಟದಲ್ಲಿರುವ ಮನೆಯವರು ಯಾವ ಸೀಸೆಯನ್ನಾದರೂ ನಂಬುತ್ತಾರೆ. ಅದು ಅವರ ತಪ್ಪಲ್ಲ. ಆದರೆ ಮಾತ್ರೆಯ ಹೆಸರು ಹೇಳುವ ನಾವು, ರೋಗಿಗೆ ಅದರ ಕೊರತೆ ಇದೆಯೇ ಎಂದು ಮೊದಲು ವೈದ್ಯರನ್ನು ಕೇಳಬೇಕು.